ಉಪ್ಸಾರಿನ ಖಾರ, ಬೇಕರಿಯ ಬನ್ನು

ಕೊಳ್ಳೇಗಾಲದ ಕಡೆ ಮಕ್ಕಳ ಹುಟ್ಟುಹಬ್ಬಕ್ಕೆ ಹೋದರೆ ಕೈಗೆ ಬರುವ ಪೇಪರ್ ತಟ್ಟೆಯಲ್ಲಿ ಏನಿರುತ್ತದೆ ಎಂದು ಹೊರಡುವ ಮೊದಲೇ ಹೇಳಬಹುದು. ಒಂದು ತುಂಡು ಕೇಕು, ಒಂದು ಹಿಡಿ ಮಿಕ್ಸ್ಚರು, ನಾಲ್ಕು ಚಿಪ್ಸು, ಒಂದು ಬಾಳೆಹಣ್ಣು. ಮನೆಯವರು ಇನ್ನೂ ಸ್ವಲ್ಪ ಮುತುವರ್ಜಿ ವಹಿಸಿದ್ದರೆ ಪಕ್ಕದಲ್ಲಿ ಬಿಸಿ ಬಜ್ಜಿಯೋ ಬೋಂಡವೋ ಇರುತ್ತದೆ. ಆ ಬಜ್ಜಿಯ ಹಿಂದೆ ಅಡುಗೆಮನೆಯಲ್ಲಿ ಒಬ್ಬಳು ನಿಂತಿರುತ್ತಾಳೆ. ಬಹಳ ಸಲ ಅವಳೇ ಮಗುವಿನ ತಾಯಿ. ಕೇಕು ಕತ್ತರಿಸುವ ಹೊತ್ತಿಗೆ ಉರಿ ಸಣ್ಣ ಮಾಡಿ ಬರುತ್ತಾಳೆ, ಸೆರಗಿಗೆ ಕೈ ಒರೆಸಿಕೊಂಡು ಫೋಟೊಗೆ ನಿಲ್ಲುತ್ತಾಳೆ, ಮತ್ತೆ ಒಳಗೆ ಹೋಗುತ್ತಾಳೆ. ಬಂದವರೆಲ್ಲ ತಿಂದು, ನಕ್ಕು, ಹೊರಟು ನಿಂತಾಗ ಬಾಗಿಲಲ್ಲಿ ಅವಳ ಮಾತು ಒಂದೇ: "ಕೂತ್ಕಂಡು ಎರಡು ಮಾತಾಡಕ್ಕೂ ಆಗ್ನಿಲ್ಲ ಕಣಕ್ಕ."

ಇದು ಬಜ್ಜಿಯ ಗುಣ. ಬಾಣಲೆಯಿಂದ ತೆಗೆದ ಹತ್ತು ನಿಮಿಷಕ್ಕೆ ಒಳಗಿನ ಹಬೆ ಹೊರಗಿನ ಗರಿಯನ್ನು ಮೆತ್ತಗೆ ಮಾಡುತ್ತದೆ. ಬಿಸಿ ಬೇಕು, ಗರಿಗರಿ ಬೇಕು ಅಂದರೆ ನೆಂಟರು ಇರುವಷ್ಟು ಹೊತ್ತೂ ಯಾರಾದರೊಬ್ಬರು ಒಲೆಯ ಮುಂದೆ ಇರಲೇಬೇಕು. ಓವನ್ನಿನಲ್ಲಿ ಬೇಯುವ ತಿಂಡಿಯ ಲೆಕ್ಕ ಬೇರೆ. ಅದರ ಕೆಲಸವೆಲ್ಲ ನೆಂಟರು ಬರುವ ಮೊದಲೇ ಮುಗಿಯುತ್ತದೆ. ಅವರು ಬಂದು ಕೂತ ಮೇಲೆ ಉಳಿಯುವುದು ಸ್ವಿಚ್ಚು ಹಾಕುವುದು, ತಟ್ಟೆ ಹೊರಗೆ ತೆಗೆಯುವುದು, ಅಷ್ಟೇ. ಕೊಳ್ಳೇಗಾಲ, ಹನೂರು, ಯಳಂದೂರಿನ ಮನೆಗಳ ಸಂಜೆಯ ಪಾರ್ಟಿಗೆ ಬೇಯಿಸಿದ ಪುಟ್ಟ ಸಸ್ಯಾಹಾರಿ ಸ್ಯಾಂಡ್‌ವಿಚ್ಚುಗಳು ಬರಬೇಕು ಎಂದು ನಾನು ಹೇಳುವುದಕ್ಕೆ ಮೊದಲ ಕಾರಣ ಇದೇ. ರುಚಿ ಎರಡನೆಯ ಕಾರಣ.

ಸ್ಲೈಡರ್ ಎಂಬ ಹೆಸರಿನಲ್ಲಿ ಈಗ ಮೊಬೈಲ್ ವಿಡಿಯೊಗಳಲ್ಲಿ ಓಡಾಡುತ್ತಿರುವ ಈ ತಿಂಡಿಯ ಕ್ರಮ ಸರಳ. ಒಂದಕ್ಕೊಂದು ಅಂಟಿಕೊಂಡ ಪುಟ್ಟ ಬನ್ನುಗಳನ್ನು ಬಿಡಿಸದೆ, ಇಡೀ ಹಾಸನ್ನು ಅಡ್ಡಲಾಗಿ ಸೀಳಬೇಕು. ಕೆಳಗಿನ ಅರ್ಧದ ಮೇಲೆ ಪಲ್ಯ, ಚೀಸು ಹರಡಿ, ಮೇಲಿನ ಅರ್ಧ ಮುಚ್ಚಿ, ಬೆಣ್ಣೆ ಸವರಿ ಓವನ್ನಿಗೆ ಇಡಬೇಕು. ಬೆಂದ ಮೇಲೆ ಬನ್ನಿನ ಗೆರೆಗಳ ಮೇಲೇ ಕತ್ತರಿಸಿದರೆ 24 ಬನ್ನಿಗೆ 24 ಸ್ಯಾಂಡ್‌ವಿಚ್ಚು. ಒಂದೊಂದನ್ನೇ ಕಟ್ಟುವ, ಒಂದೊಂದನ್ನೇ ಹಂಚಿನ ಮೇಲೆ ತಿರುವಿ ಹಾಕುವ ಕೆಲಸವಿಲ್ಲ.

ಅಮೆರಿಕದ ಕನ್ಸಾಸ್ ರಾಜ್ಯದ ವಿಚಿಟಾ ನಗರದಲ್ಲಿ 1921ರಲ್ಲಿ ಶುರುವಾದ ವೈಟ್ ಕ್ಯಾಸಲ್ ಎಂಬ ಹೋಟೆಲು ಪುಟ್ಟ ಚೌಕದ ಬರ್ಗರುಗಳನ್ನು ಮಾರಿ ಹೆಸರಾಯಿತು; ಸ್ಲೈಡರಿನ ಬೇರು ಅಲ್ಲಿದೆ. ಅಮೆರಿಕದ ಮನೆಗಳಲ್ಲಿ ಇಂದು ತಟ್ಟೆಗಟ್ಟಲೆ ಮಾಡುವ ಸ್ಲೈಡರಿಗೆ ಬಳಸುವುದು ಸ್ವಲ್ಪ ಸಿಹಿಯಾದ ಹವಾಯಿ ಬನ್ನು. ಜಪಾನಿ ಮೂಲದ ರಾಬರ್ಟ್ ಟೈರಾ ಎಂಬುವರು ಹವಾಯಿಯ ಹಿಲೊ ಪಟ್ಟಣದಲ್ಲಿ 1950ರಲ್ಲಿ ತೆರೆದ ಬೇಕರಿಯಿಂದ ಅದು ಬೆಳೆದು ಬಂತು. ಅವರಿಗಿಂತ ಮೊದಲು ಆ ಸಿಹಿ ಬ್ರೆಡ್ಡನ್ನು ಹವಾಯಿಗೆ ತಂದವರು 1878ರಿಂದ ಕಬ್ಬಿನ ತೋಟಗಳ ಕೂಲಿಗಾಗಿ ಹಡಗು ಹತ್ತಿದ ಪೋರ್ಚುಗೀಸರು. ಅದೇ ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದ ಮೇಲೆ ಅಲ್ಲಿ ಹುಳಿ ಬರಿಸಲು ಸೇಂದಿ ಹಾಕಿ ಪಾವ್ ಮಾಡುವುದು ಬೆಳೆಯಿತು. ಆ ಪಾವ್ ಮುಂಬಯಿಗೆ ಹೋಗಿ, ಅಲ್ಲಿಂದ ಪಾವ್‌ಭಾಜಿಯ ಜೊತೆ ತಿರುಗಿ, ನಮ್ಮ ಬೇಕರಿಗಳ ಗಾಜಿನ ಬೀರುವಿಗೂ ಬಂದಿದೆ. ಹಾಗಾಗಿ ಅಮೆರಿಕದ ವಿಡಿಯೊದಲ್ಲಿ ಕಾಣುವ ಬನ್ನಿಗಾಗಿ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಹುಡುಕಬೇಕಾಗಿಲ್ಲ. ಕೊಳ್ಳೇಗಾಲದಲ್ಲಿ ಸಿಗುವ ಪಾವ್ ಅದರ ದಾಯಾದಿಯೇ. ಕೊರತೆ ಸ್ವಲ್ಪ ಸಿಹಿಯದು ಮಾತ್ರ. ಅದಕ್ಕೂ ಯಳಂದೂರು ತಾಲ್ಲೂಕಿನ ಬೆಟ್ಟದಲ್ಲೇ ದಾರಿಯಿದೆ, ಮುಂದೆ ಹೇಳುತ್ತೇನೆ.

ನಮ್ಮ ಕಡೆ ಬ್ರೆಡ್ಡು ಪಾರ್ಟಿಯ ತಿನಿಸಾಗಿ ಬಂದದ್ದಲ್ಲ. ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿ ಕೊಡುವ ಪಥ್ಯವಾಗಿ ಬಂತು. ಆಸ್ಪತ್ರೆಗೆ ನೋಡಲು ಹೋಗುವವರು ಎಳನೀರಿನ ಜೊತೆ ಒಂದು ಪೌಂಡ್ ಬ್ರೆಡ್ಡು, ನಾಲ್ಕು ಬನ್ನು ಹಿಡಿದು ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಮುದ್ದೆ ಉಂಡು ಬೆಳೆದವರ ನಾಲಿಗೆಗೆ ಬ್ರೆಡ್ಡನ್ನು ಒಗ್ಗಿಸಿದ್ದು ಅಯ್ಯಂಗಾರ್ ಬೇಕರಿಗಳು. ಹಾಸನ ಸೀಮೆಯ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು. ಅವರ ಹಿಂದೆ ಅದೇ ಸೀಮೆಯ ಹಳ್ಳಿಗಳ ಎಷ್ಟೋ ಕುಟುಂಬಗಳು ಊರೂರಿಗೆ ಹೋಗಿ ಬೇಕರಿ ಇಟ್ಟವು. ಮೊಟ್ಟೆ ಮುಟ್ಟದ ಮನೆಯವರು ಮಾಡಿದ್ದರಿಂದ ಅವರ ಬ್ರೆಡ್ಡು, ಬನ್ನು, ಕೇಕುಗಳೆಲ್ಲ ಮೊಟ್ಟೆಯಿಲ್ಲದೆ ಆದವು. ಅಷ್ಟೇ ಅಲ್ಲ, ಒಗ್ಗರಣೆಯ ರುಚಿಯನ್ನು ಅವರು ಹಿಟ್ಟಿನೊಳಗೇ ತಂದರು. ಹಸಿಮೆಣಸಿನಕಾಯಿ, ಕರಿಬೇವು ಕಲಸಿದ ಖಾರ ಬನ್ನು, ಈರುಳ್ಳಿ ಕ್ಯಾರೆಟ್ಟಿನ ಪಲ್ಯ ಹೊತ್ತ ಮಸಾಲ ಟೋಸ್ಟು, ಬೆಣ್ಣೆ ಸವರಿ ಕಾಂಗ್ರೆಸ್ ಕಡಲೆಕಾಯಿಬೀಜ ತುಂಬಿದ ಬನ್ನು, ಆಲೂಗೆಡ್ಡೆ ಪಲ್ಯ ಒಳಗಿಟ್ಟು ಬೇಯಿಸಿದ ಆಲೂ ಬನ್ನು. ಈ ಆಲೂ ಬನ್ನು ಸ್ಲೈಡರಿಗೆ ಬಹಳ ಹತ್ತಿರದ್ದು. ಅದರಲ್ಲಿ ಪಲ್ಯ ಹಸಿ ಹಿಟ್ಟಿನೊಳಗೆ ಕೂತು ಒಟ್ಟಿಗೆ ಬೇಯುತ್ತದೆ. ಇದರಲ್ಲಿ ಬೆಂದ ಬನ್ನಿನೊಳಗೆ ಕೂತು ಎರಡನೆಯ ಸಲ ಬಿಸಿಯಾಗುತ್ತದೆ. ಎಲ್ಲ ಕಷ್ಟವೂ ಆ ಎರಡನೆಯ ಸಲದಲ್ಲೇ ಇದೆ.

ಸಸ್ಯಾಹಾರ ಎಂದ ಕೂಡಲೇ ಇದು ಕೆಲವೇ ಮನೆಗಳ ಮಾತು ಅಂದುಕೊಳ್ಳಬೇಡಿ. ಈ ಮೂರು ತಾಲ್ಲೂಕಿನಲ್ಲಿ ಸೋಮವಾರ ಮಾದಪ್ಪನ ವಾರ. ಶನಿವಾರ ಬಿಳಿಗಿರಿರಂಗನಿಗೆ ನಡೆದುಕೊಳ್ಳುವವರಿದ್ದಾರೆ. ಮಾಂಸ ತಿನ್ನುವ ಮನೆಗಳಲ್ಲೂ ಆ ದಿನ ಮಾಂಸ, ಮೊಟ್ಟೆ ಒಲೆ ಏರದ ಪದ್ಧತಿ ಉಂಟು. ಮಹದೇಶ್ವರ ಬೆಟ್ಟಕ್ಕೆ ಹರಕೆ ಹೊತ್ತವರು, ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗೆ ನಡೆದು ಹೋಗುವವರು ಎಷ್ಟೋ ದಿನ ವ್ರತ ಹಿಡಿಯುತ್ತಾರೆ. ಮಗುವಿನ ಹುಟ್ಟುಹಬ್ಬ ವಾರ ನೋಡಿಕೊಂಡು ಬರುವುದಿಲ್ಲವಲ್ಲ. ಎಲ್ಲರೂ ಒಂದೇ ತಟ್ಟೆಯಿಂದ ತೆಗೆದುಕೊಂಡು ತಿನ್ನಬೇಕಾದರೆ ಬನ್ನಿನಿಂದ ಹಿಡಿದು ಚೀಸಿನವರೆಗೆ ಎಲ್ಲವೂ ನಿಜವಾಗಿ ಸಸ್ಯಾಹಾರವಾಗಿರಬೇಕು. ಕೆಲವು ಬೇಕರಿಗಳಲ್ಲಿ ಬನ್ನಿನ ಮೇಲೆ ಹೊಳಪು ಬರಲು ಮೊಟ್ಟೆ ಸವರುತ್ತಾರೆ, ಕೆಲವರು ಹಾಲು ಸವರುತ್ತಾರೆ. ಕಣ್ಣಿನಿಂದ ನೋಡಿ ತಿಳಿಯುವುದಿಲ್ಲ. ಬೋರ್ಡಿನಲ್ಲಿ ಅಯ್ಯಂಗಾರ್ ಎಂದಿದ್ದ ಮಾತ್ರಕ್ಕೆ ಮುಗಿಯಲಿಲ್ಲ. ಈಗ ಅಂಥ ಹೆಸರಿನ ಕೆಲವು ಅಂಗಡಿಗಳಲ್ಲೂ ಎಗ್ ಪಫ್ಸ್ ಸಿಗುತ್ತದೆ. "ಅಣ್ಣ, ಮೇಲೆ ಮೊಟ್ಟೆ ಬಳ್ದಿದ್ದೀರಾ?" ಎಂದು ಕೇಳುವುದೇ ನೇರ ದಾರಿ. ಚೀಸಿನ ಪೊಟ್ಟಣದ ಮೇಲೆ ಹಸಿರು ಚೌಕದೊಳಗಿನ ಹಸಿರು ಚುಕ್ಕಿ ನೋಡಿ. ಹಾಲು ಒಡೆದು ಚೀಸಾಗಲು ಬಳಸುವ ರೆನ್ನೆಟ್ಟು ಕರುವಿನ ಹೊಟ್ಟೆಯಿಂದಲೂ ಬರುತ್ತದೆ, ಸೂಕ್ಷ್ಮಾಣುಗಳಿಂದಲೂ ಬರುತ್ತದೆ. ಹಸಿರು ಚುಕ್ಕಿ ಇರುವುದರಲ್ಲಿ ಎರಡನೆಯದು.

ಬನ್ನು ಕೊಳ್ಳುವಾಗ ಎರಡು ಮಾತು ನೆನಪಿರಲಿ. "ಬುಡಿಸ್ಬೇಡಿ, ಇಡೀದಾಗೇ ಕೊಡಿ" ಎಂದು ಮೊದಲೇ ಹೇಳಬೇಕು. ಇಲ್ಲದಿದ್ದರೆ ಅಂಗಡಿಯವರು ಅಭ್ಯಾಸದಿಂದ ಬಿಡಿಸಿ ಕವರಿಗೆ ಹಾಕುತ್ತಾರೆ. ಎರಡನೆಯದಾಗಿ, ಪಾರ್ಟಿಯ ಹಿಂದಿನ ದಿನ ಸಂಜೆ ಕೊಳ್ಳುವುದೇ ವಾಸಿ. ಆಗತಾನೆ ಓವನ್ನಿನಿಂದ ಬಂದ ಬನ್ನು ಚಾಕುವಿಗೆ ಸಿಕ್ಕುವುದಿಲ್ಲ, ಹಿಸುಕಿ ಮುದ್ದೆಯಾಗುತ್ತದೆ. ಒಂದು ರಾತ್ರಿ ಕಳೆದ ಬನ್ನು ಸ್ವಲ್ಪ ಬಿಗಿದುಕೊಳ್ಳುತ್ತದೆ, ನೀಟಾಗಿ ಸೀಳುತ್ತದೆ. ಬೇಯುವಾಗ ಉಬ್ಬಿ ಸಡಿಲಾದ ಪಿಷ್ಟದ ಎಳೆಗಳು ತಣಿದ ಮೇಲೆ ಮತ್ತೆ ಒತ್ತಾಗಿ ಕೂರುವುದರಿಂದ ಬನ್ನು ಗಟ್ಟಿಯಾಗುತ್ತದೆ, ಅದು ಬರೀ ಒಣಗಿದ್ದಲ್ಲ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಮೀರಿ ಬಿಸಿ ಮಾಡಿದರೆ ಆ ಎಳೆಗಳು ಮತ್ತೆ ಸಡಿಲುತ್ತವೆ, ಬನ್ನು ಹೊಸದರಂತೆ ಮೃದುವಾಗುತ್ತದೆ. ಹಿಂದಿನ ದಿನದ ಬನ್ನು ಮರುದಿನ ಓವನ್ನಿನಲ್ಲಿ ಮತ್ತೆ ಮೆತ್ತಗಾಗುವುದರ ಗುಟ್ಟು ಇದು. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ಆ ತಣ್ಣಗಿನಲ್ಲಿ ಬನ್ನು ಹೊರಗಿನದಕ್ಕಿಂತ ಬೇಗ ಗಟ್ಟಿಯಾಗುತ್ತದೆ. ಕವರಿನ ಬಾಯಿ ಕಟ್ಟಿ ಕಪಾಟಿನಲ್ಲಿಟ್ಟರೆ ಸಾಕು.

ಇನ್ನು ನೀರಿನ ವಿಷಯ. ಮನೆಯಲ್ಲಿ ಮಾಡಿದ ಸ್ಲೈಡರು ಚೆನ್ನಾಗಿಲ್ಲ ಎಂದು ಯಾರಾದರೂ ಹೇಳಿದರೆ ನೂರಕ್ಕೆ ತೊಂಬತ್ತು ಸಲ ಅವರು ದೂರುತ್ತಿರುವುದು ಕೆಳಗಿನ ಬನ್ನು ನೆನೆದು ಹಿಟ್ಟಾಗಿರುವುದನ್ನು. ಬನ್ನಿನ ಒಳಭಾಗ ಸ್ಪಂಜಿನ ಹಾಗೆ, ಸಿಕ್ಕ ನೀರನ್ನೆಲ್ಲ ಹೀರುತ್ತದೆ. ಆ ನೀರು ಮೂರು ಕಡೆಯಿಂದ ಬರುತ್ತದೆ. ಮೊದಲನೆಯದು ಹಸಿ ತರಕಾರಿ. ಟೊಮೆಟೊ, ಸೌತೆಕಾಯಿ, ಎಲೆಕೋಸು, ಈರುಳ್ಳಿಗೆ ಉಪ್ಪು ತಗುಲಿದ ಕೂಡಲೇ ಅವುಗಳ ಕೋಶಗಳೊಳಗಿನ ನೀರು ಹೊರಗೆ ಬರುತ್ತದೆ. ತಣ್ಣನೆಯ ಸ್ಯಾಂಡ್‌ವಿಚ್ಚಿಗೆ ಅವು ಸರಿ, ಬೇಯುವುದಕ್ಕೆ ಸಲ್ಲ. ಎರಡನೆಯದು ಬಿಸಿ ಪಲ್ಯದ ಹಬೆ. ಬಾಣಲೆಯಿಂದ ನೇರ ಬನ್ನಿಗೆ ಸುರಿದರೆ ಹಬೆ ಒಳಗೇ ಸಿಕ್ಕಿಕೊಂಡು ನೀರಾಗುತ್ತದೆ. ಮೂರನೆಯದು ಚಟ್ನಿ, ಸಾಸು. ಇವು ಬನ್ನಿಗೆ ನೇರವಾಗಿ ತಗುಲಿದರೆ ಅಲ್ಲೇ ಇಂಗುತ್ತವೆ.

ಇದಕ್ಕೆಲ್ಲ ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇದೆ. ನಾವು ಬಲ್ಲ ಪಲ್ಯ ಒಣ ಪಲ್ಯವೇ. 24 ಬನ್ನಿಗೆ ಮುಕ್ಕಾಲು ಕಿಲೊ ಆಲೂಗೆಡ್ಡೆ ಸಾಕು. ಸಿಪ್ಪೆಸಮೇತ, ಇಡಿಯಾಗಿ ಬೇಯಿಸಿ. ಹೆಚ್ಚಿ ಬೇಯಿಸಿದರೆ ಕೊಯ್ದ ಮೈಯಿಂದ ನೀರು ಕುಡಿಯುತ್ತದೆ. ಸುಲಿದ ಮೇಲೆ ಐದು ನಿಮಿಷ ಹಾಗೇ ಬಿಟ್ಟು ಹಬೆ ಆರಿದ ಮೇಲೆ ಕಿವುಚಿ. ಎಣ್ಣೆ, ಸಾಸಿವೆ, ಕರಿಬೇವು, ಶುಂಠಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಎರಡು ಈರುಳ್ಳಿ ಹಾಕಿ ಬಾಡಿಸಿ, 150 ಗ್ರಾಂ ತುರಿದ ಕ್ಯಾರೆಟ್ಟು, ಒಂದು ಬಟ್ಟಲು ಬೇಯಿಸಿದ ಬಟಾಣಿ, ಅರಿಶಿನ, ಉಪ್ಪು. ಕ್ಯಾರೆಟ್ಟಿನ ನೀರು ಇಂಗಿದ ಮೇಲೆ ಆಲೂಗೆಡ್ಡೆ ಬೆರೆಸಿ. ಬಾಣಲೆಯ ನಡುವೆ ಸೌಟಿನಿಂದ ಗೆರೆ ಎಳೆದರೆ ಆ ಗೆರೆ ಹಾಗೇ ನಿಲ್ಲಬೇಕು, ಅಂಚಿನಲ್ಲಿ ನೀರು ಒಸರಬಾರದು. ಒಸರಿದರೆ ಎರಡು ಮೂರು ಚಮಚ ಹುರಿಗಡಲೆ ಹಿಟ್ಟು ಉದುರಿಸಿ. ಕಟ್ಲೆಟ್ಟಿಗೂ ವಡೆಗೂ ನಮ್ಮ ಮನೆಗಳಲ್ಲಿ ಹಾಕುವುದು ಅದನ್ನೇ. ಅದು ಮೊದಲೇ ಹುರಿದದ್ದಾದ್ದರಿಂದ ಹಸಿವಾಸನೆಯಿಲ್ಲದೆ ನೀರು ಹೀರಿಕೊಳ್ಳುತ್ತದೆ. ಬ್ರೆಡ್ಡಿನ ಪುಡಿಗಿಂತ ನನಗೆ ಇದೇ ಮೇಲು.

ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಪಾರ್ಟಿ ಇಟ್ಟುಕೊಂಡವರಿಗೆ ಇನ್ನೂ ದೊಡ್ಡ ಭಾಗ್ಯವಿದೆ: ಸೊಗಡಿನ ಅವರೆ. ನೆನೆಸಿ, ಹಿಸುಕಿ, ಸಿಪ್ಪೆ ತೆಗೆದ ಅವರೆಬೇಳೆಯನ್ನು ಉಪ್ಪು ಹಾಕಿ ಮೆತ್ತಗೆ ಬೇಯಿಸಿ, ನೀರು ಪೂರ್ತಿ ಬಸಿದು, ಅರ್ಧ ಕಿವುಚಿ ಅರ್ಧ ಹಾಗೇ ಬಿಟ್ಟು, ಇಂಗು, ಕರಿಬೇವು, ತೆಂಗಿನಕಾಯಿಯ ಒಗ್ಗರಣೆ ಕೊಟ್ಟರೆ ಅದಕ್ಕೆ ಸಾಟಿ ಬರುವ ಹೂರಣ ಯಾವ ದೇಶದ ಬನ್ನಿನೊಳಗೂ ಇಲ್ಲ. ಬಸಿದ ನೀರಿಗೆ ರಾತ್ರಿಯ ಸಾರು ಮಾಡಿಕೊಳ್ಳಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ನೆಂಟರಿದ್ದರೆ ಈ ಅವರೆಯ ತಟ್ಟೆಯನ್ನು ಅವರಿಗೆಂದೇ ಬೇರೆ ಮಾಡಬಹುದು. ಒಳಗೆ ಬರೀ ಬೆಣ್ಣೆ ಸವರಿದರಾಯಿತು.

ಉಳಿದವರ ತಟ್ಟೆಗೆ ಉಪ್ಸಾರಿನ ಖಾರ. ಮುದ್ದೆಯ ಜೊತೆ ತಟ್ಟೆಯ ಅಂಚಿನಲ್ಲಿ ಕೂರುವ ಆ ಕೆಂಪು ಮುದ್ದೆ ಇಲ್ಲದೆ ಮಂಡ್ಯ, ಚಾಮರಾಜನಗರದ ಊಟವನ್ನು ನಾನು ಊಹಿಸಲಾರೆ. ಹುರಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಕೊತ್ತಂಬರಿ ಸೊಪ್ಪು, ಹುಣಸೆಹಣ್ಣು, ಉಪ್ಪು ಸೇರಿಸಿ ನುಣ್ಣಗೆ ಅರೆದದ್ದು. ಟೊಮೆಟೊ ಸಾಸು, ಮೇಯನೇಸು ಕೊಡುವುದಕ್ಕಿಂತ ಹತ್ತು ಪಟ್ಟು ರುಚಿಯನ್ನು ಇದರ ಕಾಲು ಚಮಚ ಕೊಡುತ್ತದೆ. ಆದರೆ ಹಾಗೇ ಬನ್ನಿಗೆ ಹಚ್ಚಿದರೆ ಇಂಗುತ್ತದೆ. ಮೂರು ಚಮಚ ಖಾರವನ್ನು ಸ್ವಲ್ಪ ಎಣ್ಣೆಯಲ್ಲಿ ನೀರಿನಂಶ ಹೋಗುವವರೆಗೆ ಬಾಡಿಸಿ, ಆರಿಸಿ, 100 ಗ್ರಾಂ ಮೆತ್ತಗಿನ ಬೆಣ್ಣೆಗೆ ಕಲಸಿ. ಈ ಖಾರದ ಬೆಣ್ಣೆಯನ್ನು ಬನ್ನಿನ ಕೊಯ್ದ ಎರಡೂ ಮೈಗೆ ಅಂಚಿನವರೆಗೆ ಸವರಬೇಕು. ಬೆಣ್ಣೆಯ ಜಿಡ್ಡು ಪಲ್ಯದ ತೇವಕ್ಕೆ ತಡೆ. ಖಾರ ಎಲ್ಲ ತುತ್ತಿಗೂ ಸಮನಾಗಿ ಸಿಗುತ್ತದೆ. ಇನ್ನೂ ಭದ್ರವಾಗಲು, ಬೆಣ್ಣೆ ಹಚ್ಚಿದ ಕೆಳಗಿನ ಅರ್ಧವನ್ನು ಮಾತ್ರ ಐದು ನಿಮಿಷ ಓವನ್ನಿನಲ್ಲಿಟ್ಟು ಮೇಲ್ಮೈ ಗಟ್ಟಿ ಮಾಡಿಕೊಳ್ಳಿ. ಇದೊಂದು ಹೆಜ್ಜೆಯನ್ನು ಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ. ಮಕ್ಕಳ ಸಾಲಿಗೆ ಖಾರವಿಲ್ಲದ ಬೆಣ್ಣೆ ಹಚ್ಚಿ, ಆ ಸಾಲಿಗೆ ಹಲ್ಲುಕಡ್ಡಿ ಚುಚ್ಚಿ ಗುರುತು ಮಾಡಿ.

ಚೀಸು ಇಲ್ಲಿ ಬರೀ ರುಚಿಗಲ್ಲ, ಅಂಟಿಗೆ. ಪಲ್ಯದ ಕೆಳಗೊಂದು ತೆಳು ಪದರ, ಮೇಲೊಂದು ತೆಳು ಪದರ ಉದುರಿಸಿದರೆ ಕರಗಿ ಮೇಲಿನ ಬನ್ನು, ಪಲ್ಯ, ಕೆಳಗಿನ ಬನ್ನನ್ನು ಹಿಡಿದುಕೊಳ್ಳುತ್ತದೆ. ಮಕ್ಕಳು ಕಚ್ಚಿದಾಗ ಪಲ್ಯ ಅಂಗಿಯ ಮೇಲೆ ಬೀಳುವುದಿಲ್ಲ. ಎಲ್ಲವನ್ನೂ ಒಂದೇ ಕಡೆ ಸುರಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. 24 ಬನ್ನಿಗೆ 250 ಗ್ರಾಂ ತುರಿದ ಮೊಝರೆಲ್ಲ ಸಾಕು. ಸಿಕ್ಕದಿದ್ದರೆ ಸಂಸ್ಕರಿಸಿದ ಚೀಸಿನ ಕ್ಯೂಬು ತುರಿದು ಹಾಕಿ. ಎಳೆ ಎಳೆಯಾಗಿ ಬರುವುದಿಲ್ಲ, ಅಂಟುತ್ತದೆ. ಪನೀರು ಮಾತ್ರ ಈ ಕೆಲಸಕ್ಕೆ ಬಾರದು. ಬಿಸಿ ಹಾಲಿಗೆ ಹುಳಿ ಹಿಂಡಿ ಒಡೆದಾಗ ಹಾಲಿನ ಪ್ರೋಟೀನುಗಳು ಬಿಗಿಯಾಗಿ ಹೆಣೆದುಕೊಳ್ಳುತ್ತವೆ, ಪ್ರೋಟೀನುಗಳ ನಡುವೆ ಕೊಂಡಿಯಾಗಿ ನಿಲ್ಲುವ ಸುಣ್ಣದಂಶ ಹುಳಿಗೆ ಕರಗಿ ಹೋಗುತ್ತದೆ. ಆಮೇಲೆ ಎಷ್ಟು ಕಾಯಿಸಿದರೂ ಅದು ಹರಿಯುವುದಿಲ್ಲ. ಅವರೆಬೇಳೆಗೆ ಪುಡಿ ಮಾಡಿ ಬೆರೆಸಲು ಪನೀರು ಒಳ್ಳೆಯದು, ಅಂಟಿಗೆ ಚೀಸೇ ಬೇಕು. ಬೆಣ್ಣೆ, ಪನೀರು, ಚೀಸು ಮೂರೂ ನಂದಿನಿಯಲ್ಲೇ ಸಿಗುತ್ತವೆ. ನಮ್ಮ ಜಿಲ್ಲೆಯ ಹಾಲು ಒಕ್ಕೂಟದ ಡೇರಿ ಕುದೇರಿನಲ್ಲೇ ಇದೆ. ಇಲ್ಲಿನ ಹಳ್ಳಿಗಳ ಹಾಲು ಹೋಗುವ ನಂದಿನಿ ಹೆಸರಿನ ಪೊಟ್ಟಣವನ್ನು ಕೊಳ್ಳುವುದು ನನಗೆ ಇಷ್ಟ.

ಈಗ ಮೇಲಿನ ಹೊಳಪು. ಹವಾಯಿ ಬನ್ನಿನ ಸಿಹಿ ನಮ್ಮ ಪಾವಿನಲ್ಲಿ ಇಲ್ಲ ಎಂದೆನಲ್ಲ, 50 ಗ್ರಾಂ ಕರಗಿಸಿದ ಬೆಣ್ಣೆಗೆ ಒಂದು ಚಮಚ ಜೇನು ಸೇರಿಸಿದರೆ ಆ ಕೊರತೆ ನೀಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಎತ್ತರದ ಮರಗಳ ಕೊಂಬೆಯಿಂದ ಇಳಿಸುವ ಹೆಜ್ಜೇನು ಸಿಕ್ಕರಂತೂ ಅದಕ್ಕೆ ಕಾಡುಹೂವಿನ ಒಗರು ಮಿಶ್ರಿತ ರುಚಿ ಬರುತ್ತದೆ. ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಎಂದು ಘೋಷಣೆಯಾದ 2011ರಲ್ಲೇ ಅಲ್ಲಿನ ಸೋಲಿಗರ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರವೂ ಸಿಕ್ಕಿತು. ಜೇನು, ನೆಲ್ಲಿ, ಪಾಚಿ ಸಂಗ್ರಹ ಅವರ ಬದುಕಿನ ಆಧಾರ. ಹಾಗಾಗಿ ಕಾಡಿನ ಜೇನನ್ನು ಅವರಿಂದಲೇ, ಕೇಳಿದ ಬೆಲೆಗೆ ಕೊಳ್ಳಬೇಕು. ಜೇನಿನಲ್ಲಿರುವ ಸರಳ ಸಕ್ಕರೆಗಳು ಬನ್ನಿನ ಪ್ರೋಟೀನಿನ ಜೊತೆ ಸೇರಿ ಬಿಸಿಗೆ ಬೇಗ ಕೆಂಪಾಗುತ್ತವೆ, ಅಷ್ಟೇ ಬೇಗ ಕರಿಯಾಗುತ್ತವೆ. ಆದ್ದರಿಂದ ಈ ಬೆಣ್ಣೆಯನ್ನು ಕೊನೆಯ ಐದು ನಿಮಿಷಕ್ಕೆ ಮಾತ್ರ ಸವರಿ, ಮೇಲೆ ಬಿಳಿ ಎಳ್ಳು ಉದುರಿಸಿ.

ಬೇಯಿಸುವುದು ಹೀಗೆ. ಓವನ್ನನ್ನು 180 ಡಿಗ್ರಿಗೆ ಹತ್ತು ನಿಮಿಷ ಮೊದಲೇ ಕಾಯಿಸಿ. ತಟ್ಟೆಗೆ ಅಲ್ಯೂಮಿನಿಯಂ ಹಾಳೆಯನ್ನು ಬನ್ನಿಗೆ ತಾಗದಂತೆ ಸಡಿಲವಾಗಿ ಮುಚ್ಚಿ 12ರಿಂದ 15 ನಿಮಿಷ ಇಡಿ. ಆ ಹೊತ್ತಿನಲ್ಲಿ ಒಳಗೆ ಬಿಸಿ ಹರಡಿ ಚೀಸು ಕರಗುತ್ತದೆ, ಬನ್ನು ಮೃದುವಾಗುತ್ತದೆ, ಮೇಲ್ಭಾಗ ಒಣಗುವುದಿಲ್ಲ. ಆಮೇಲೆ ಹಾಳೆ ತೆಗೆದು, ಜೇನುಬೆಣ್ಣೆ ಸವರಿ, ಇನ್ನು ನಾಲ್ಕೈದು ನಿಮಿಷ. ಪಲ್ಯ ಫ್ರಿಜ್ಜಿನಿಂದ ನೇರ ಬಂದಿದ್ದರೆ ಇಷ್ಟು ಹೊತ್ತು ಸಾಲದು, ನಡುವೆ ತಣ್ಣಗೇ ಉಳಿಯುತ್ತದೆ. ಬೇಯಿಸುವ ಅರ್ಧ ಗಂಟೆ ಮೊದಲು ಹೊರಗಿಡಿ. ತೆಗೆದ ಕೂಡಲೇ ಕತ್ತರಿಸಬೇಡಿ; ಐದು ನಿಮಿಷ ಬಿಟ್ಟರೆ ಚೀಸು ಸ್ವಲ್ಪ ಬಿಗಿದು ಪಲ್ಯ ಜಾರುವುದಿಲ್ಲ. ಹಲ್ಲಿರುವ ಬ್ರೆಡ್ ಚಾಕುವಿನಿಂದ ಗೆರೆಯ ಮೇಲೆ ಕುಯ್ಯಿರಿ.

28-30 ಲೀಟರಿನ ಮನೆಯ ಓಟಿಜಿ ಓವನ್ನಿನಲ್ಲಿ ಒಂದು ಸಲಕ್ಕೆ 12 ಬನ್ನು ಹಿಡಿಯುತ್ತದೆ. 1,500 ವ್ಯಾಟಿನದು ಅರ್ಧ ಗಂಟೆಗೆ ಹೆಚ್ಚೆಂದರೆ ಮುಕ್ಕಾಲು ಯೂನಿಟ್ ಕರೆಂಟು ತೆಗೆದುಕೊಳ್ಳುತ್ತದೆ, ಖರ್ಚಿಗೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಪ್ಲಗ್ಗಿಗೆ. ಮೊಬೈಲ್ ಚಾರ್ಜಿಗೆ ಬಳಸುವ 6 ಆಂಪಿಯರ್ ಸಾಕೆಟ್ಟಿಗೆ ಇದನ್ನು ಸಿಕ್ಕಿಸಬಾರದು, ದೊಡ್ಡ ಪಿನ್ನಿನ 16 ಆಂಪಿಯರ್ ಸಾಕೆಟ್ಟೇ ಬೇಕು. ಮನೆಯ ಸಾಮಾನ್ಯ ಯುಪಿಎಸ್ ಇದನ್ನು ಹೊರುವುದಿಲ್ಲ. ಕರೆಂಟು ಯಾವಾಗ ಹೋಗುತ್ತದೋ ಎಂಬ ಕಡೆಗಳಲ್ಲಿ ಮೊದಲ ತಟ್ಟೆಯನ್ನು ಕೇಕು ಕತ್ತರಿಸುವುದಕ್ಕೆ ಒಂದು ಗಂಟೆ ಮೊದಲೇ ಬೇಯಿಸಿ, ಹತ್ತಿಬಟ್ಟೆ ಮುಚ್ಚಿಡಿ. ಬಿಸಿ ತಟ್ಟೆಗೆ ಹಾಳೆ ಬಿಗಿಯಾಗಿ ಸುತ್ತಿದರೆ ಹಬೆ ಒಳಗೇ ನಿಂತು ಮಾಡಿದ ಕೆಲಸವೆಲ್ಲ ವ್ಯರ್ಥ.

ಓವನ್ನೇ ಇಲ್ಲದ ಮನೆಯವರೂ ಹಿಂದೆ ಸರಿಯಬೇಕಾಗಿಲ್ಲ. ಉಪ್ಪು ಹಾಸಿದ ಪಾತ್ರೆಯಲ್ಲಿ ಕೇಕು ಬೇಯಿಸುವುದು ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತು. ಅದೇ ಕ್ರಮ: ದಪ್ಪ ತಳದ ಅಗಲ ಪಾತ್ರೆಗೆ ಒಂದು ಪದರ ಕಲ್ಲುಪ್ಪು, ಮೇಲೊಂದು ಸ್ಟ್ಯಾಂಡು, ಮುಚ್ಚಳ ಹಾಕಿ ಹತ್ತು ನಿಮಿಷ ಕಾಯಿಸಿ, ಬನ್ನಿನ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 15 ನಿಮಿಷ. ದಿನನಿತ್ಯದ ಕುಕ್ಕರನ್ನು ಹೀಗೆ ನೀರಿಲ್ಲದೆ ಕಾಯಿಸಬೇಡಿ, ಅದರ ತಳಕ್ಕೂ ಗ್ಯಾಸ್ಕೆಟ್ಟಿಗೂ ಒಳ್ಳೆಯದಲ್ಲ. ಹಳೆಯ ಪಾತ್ರೆಯೊಂದನ್ನು ಇದಕ್ಕೇ ಇಟ್ಟುಕೊಳ್ಳಿ. ಇದರಲ್ಲಿ ಬಿಸಿ ಕೆಳಗಿನಿಂದ ಮಾತ್ರ ಬರುವುದರಿಂದ ಮೇಲ್ಭಾಗ ಕೆಂಪಾಗುವುದಿಲ್ಲ. ಹೂರಣ ತುಂಬುವ ಮೊದಲೇ ಮೇಲಿನ ಅರ್ಧದ ಬೆನ್ನನ್ನು ಜೇನುಬೆಣ್ಣೆ ಹಚ್ಚಿದ ಹಂಚಿನ ಮೇಲೆ ಅರೆಕ್ಷಣ ಒತ್ತಿ ಕೆಂಪು ಮಾಡಿಕೊಂಡರೆ ಓವನ್ನಿನದ್ದೋ ಪಾತ್ರೆಯದ್ದೋ ಎಂದು ನೆಂಟರು ಗುರುತು ಹಿಡಿಯಲಾರರು.

ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1974ರಲ್ಲಿ ನೆಲೆಯಾದ ಟಿಬೆಟಿಯನ್ನರ ಧೊಂಡೆನ್ಲಿಂಗ್ ವಸತಿಯಿದೆ. ಹುದುಗು ಬಂದ ಹಿಟ್ಟನ್ನು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುವ ಟಿಂಗ್ಮೊ ಟಿಬೆಟಿಯನ್ನರ ಮನೆಯಡುಗೆ. ಓವನ್ನಿಲ್ಲದೆ ಬನ್ನು ಮಾಡುವ ದಾರಿ ಅದು. ಹೂರಣವನ್ನು ಹಾಗೇ ಒಳಗಿಟ್ಟು ಮಡಚಿ ತಿನ್ನಬಹುದು, ಇನ್ನೊಂದು ಸಲ ಬೇಯಿಸುವ ಕೆಲಸವೂ ಇಲ್ಲ. ಇಡ್ಲಿ ಪಾತ್ರೆ ಇರುವ ಯಾವ ಮನೆಯಲ್ಲೂ ಇದು ಸಾಧ್ಯ.

ಹನೂರಿನ ಬೆದ್ದಲು ರಾಗಿಯ ನೆಲ. ಬರೀ ಮೈದಾ ಏಕೆ, ರಾಗಿಯ ಬನ್ನು ಆಗದೇ ಎಂದು ಕೇಳುವವರಿಗೆ ಉತ್ತರ: ಆಗುತ್ತದೆ, ಒಂದು ಮಿತಿಯಲ್ಲಿ. ಹಿಟ್ಟು ಉಬ್ಬಿ ನಿಲ್ಲಲು ಬೇಕಾದ ಗ್ಲುಟೆನ್ ರಾಗಿಯಲ್ಲಿಲ್ಲ. ಐದರಲ್ಲಿ ಒಂದು ಪಾಲು ರಾಗಿಯಾದರೆ ಉಳಿದ ನಾಲ್ಕು ಪಾಲು ಗೋಧಿಯ ಹಿಟ್ಟು ಅದನ್ನು ಹೊರುತ್ತದೆ. 400 ಗ್ರಾಂ ಮೈದಾ, 100 ಗ್ರಾಂ ನುಣ್ಣನೆಯ ರಾಗಿಹಿಟ್ಟು, 7 ಗ್ರಾಂ ಇನ್‌ಸ್ಟಂಟ್ ಈಸ್ಟು, 40 ಗ್ರಾಂ ಸಕ್ಕರೆ, 9 ಗ್ರಾಂ ಉಪ್ಪು, ಸುಮಾರು 330 ಮಿಲಿ ಉಗುರುಬೆಚ್ಚಗಿನ ಹಾಲು, 50 ಗ್ರಾಂ ಬೆಣ್ಣೆ. ಹತ್ತು ನಿಮಿಷ ಚೆನ್ನಾಗಿ ನಾದಿ, ಎರಡರಷ್ಟು ಉಬ್ಬಲು ಬಿಡಿ. ಚಳಿಗಾಲದಲ್ಲಿ ಒಂದು ಗಂಟೆಗೂ ಮೀರಿ ಹಿಡಿಯುತ್ತದೆ, ಇಲ್ಲಿನ ಏಪ್ರಿಲ್ ಬಿಸಿಲಿಗೆ ಮುಕ್ಕಾಲು ಗಂಟೆಗೇ ಉಬ್ಬುತ್ತದೆ, ಕಣ್ಣಿಟ್ಟಿರಬೇಕು. 16 ಉಂಡೆ ಮಾಡಿ ನಾಲ್ಕು ನಾಲ್ಕರ ಸಾಲಿನಲ್ಲಿ ಒಂದಕ್ಕೊಂದು ಬೆರಳಂತರ ಬಿಟ್ಟು ಜೋಡಿಸಿ. ಇನ್ನೊಮ್ಮೆ ಉಬ್ಬುವಾಗ ತಾವೇ ಅಂಟಿಕೊಳ್ಳುತ್ತವೆ. ಮೇಲೆ ಹಾಲು ಸವರಿ 190 ಡಿಗ್ರಿಯಲ್ಲಿ 20 ನಿಮಿಷ. ಕಂದು ಬಣ್ಣದ, ಮಣ್ಣಿನ ಘಮದ ಈ ಬನ್ನಿಗೆ ಉಪ್ಸಾರಿನ ಖಾರ ಸೇರಿದಾಗ ಮುದ್ದೆಯ ಊಟದ ರುಚಿಯೇ ಬೇರೆ ರೂಪದಲ್ಲಿ ಬಾಯಿಗೆ ಬರುತ್ತದೆ.

ಯಳಂದೂರಿನ ಸಂಚಿಯ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಹದಿಬದೆಯ ಧರ್ಮ' ಬರೆದು ಗೃಹಿಣಿಯ ಕರ್ತವ್ಯಗಳನ್ನು ಹೇಳಿದಳು. ಅದೇ ಕಾವ್ಯದಲ್ಲಿ ಹೆಣ್ಣೆಂದು ಹೀಗಳೆಯುವವರನ್ನು ನೇರವಾಗಿ ಪ್ರಶ್ನಿಸಿದವಳೂ ಅವಳೇ. ಮನೆಗೆ ಬಂದವರನ್ನು ಉಪಚರಿಸುವುದು ದೊಡ್ಡ ಗುಣ, ಅದರಲ್ಲಿ ಎರಡು ಮಾತಿಲ್ಲ. ಆ ಉಪಚಾರದ ಕೆಲಸವೆಲ್ಲ ಒಬ್ಬಳ ಮೇಲೇ ಬೀಳಬೇಕು, ಅದೂ ಎಲ್ಲರೂ ನಗುತ್ತಾ ಕೂತಿರುವ ಹೊತ್ತಿನಲ್ಲೇ ಬೀಳಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ಈ ತಟ್ಟೆಯ ಕೆಲಸವನ್ನು ಹಂಚಿಕೊಳ್ಳುವುದೂ ಸುಲಭ. ಬೆಣ್ಣೆ ಸವರುವುದು ಗಂಡಸರಿಗೆ, ಚೀಸು ಉದುರಿಸುವುದು ಮಕ್ಕಳಿಗೆ ಬಿಟ್ಟರೆ ನೆಂಟರು ಬರುವ ಮೊದಲೇ ಎಲ್ಲ ಮುಗಿಯುತ್ತದೆ. ಪಲ್ಯವನ್ನು ಹಿಂದಿನ ರಾತ್ರಿಯೇ ಮಾಡಿ ಫ್ರಿಜ್ಜಿಗೆ ಸೇರಿಸಬಹುದು. ಬನ್ನಿಗೆ ತುಂಬುವುದನ್ನು ಮಾತ್ರ ಬೇಯಿಸುವುದಕ್ಕೆ ಒಂದು ಗಂಟೆಗಿಂತ ಮೊದಲು ಮಾಡಬೇಡಿ.

ಬೆಂದ ಮೇಲೆ ಎರಡು ಗಂಟೆಯೊಳಗೆ ತಿಂದು ಮುಗಿಸಬೇಕು. ಆಲೂಗೆಡ್ಡೆ, ಪನೀರು, ಚೀಸು ಮೂರೂ ಬೆಚ್ಚಗಿನ ಗಾಳಿಯಲ್ಲಿ ಬೇಗ ಕೆಡುವಂಥವು. ಬೇಸಗೆಯ ಸೆಕೆಯಲ್ಲಿ ಶಾಮಿಯಾನದ ಕೆಳಗೆ ಬಡಿಸುವುದಾದರೆ ಆ ಅವಧಿ ಒಂದೇ ಗಂಟೆ ಅಂದುಕೊಳ್ಳಿ. ದೊಡ್ಡವರಿಗೆ ತಲೆಗೆ ಎರಡರಂತೆ, ಮಕ್ಕಳಿಗೆ ಒಂದೂವರೆಯಂತೆ ಲೆಕ್ಕ ಹಾಕಿದರೆ ಹೆಚ್ಚು ಉಳಿಯುವುದಿಲ್ಲ. ಉಳಿದದ್ದನ್ನು ಬಿಸಿ ಆರಿದ ಕೂಡಲೇ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಮರುದಿನ ಬೆಳಗ್ಗೆ ಸಣ್ಣ ಉರಿಯ ಹಂಚಿನ ಮೇಲೆ ಮುಚ್ಚಳ ಮುಚ್ಚಿ, ಒಂದೊಂದು ಬದಿ ನಾಲ್ಕು ನಿಮಿಷ ಬಿಸಿ ಮಾಡಿದರೆ ಬನ್ನು ಮತ್ತೆ ಮೃದುವಾಗುತ್ತದೆ, ಸ್ಕೂಲಿನ ಡಬ್ಬಿಗೂ ಆಗುತ್ತದೆ.